ಒಂದೇ ಒಲೆ: ಪ್ರಳಯದ ನಂತರದ ಪ್ರೇಮ ಕಾದಂಬರಿ ಬರೆಯುವುದು ಹೇಗೆ?

ಕತೆ ಕಟ್ಟುವ ಪಾಠದಲ್ಲಿ ಈ ಸಲ ಸ್ವಲ್ಪ ಕಷ್ಟದ ವಿಷಯ ಎತ್ತಿಕೊಂಡಿದ್ದೇವೆ. ಲೋಕವೆಲ್ಲ ಕುಸಿದುಬಿದ್ದಿದೆ. ಉಳಿದವರಲ್ಲಿ ಇಬ್ಬರು ಹೆಂಗಸರು, ಅವರಿಬ್ಬರ ನಡುವೆ ಪ್ರೀತಿ. ಇಂಥ ಲೆಸ್ಬಿಯನ್ ಪ್ರೇಮ ಕಾದಂಬರಿಯನ್ನು ಕಾರವಾರ–ಅಂಕೋಲೆಯ ನೆಲದಲ್ಲಿ ನಿಲ್ಲಿಸಿ ಕನ್ನಡದಲ್ಲಿ ಬರೆಯುವುದು ಹೇಗೆ?

ವಿಷಯ ಹುಟ್ಟಿದ್ದು ನಮ್ಮ ಸಂಘದ ಶನಿವಾರದ ಕೂಟದಲ್ಲಿ. ನಮ್ಮಲ್ಲೊಬ್ಬಳು ಎಂಟು ಪುಟದ ಕರಡು ತಂದಿದ್ದಳು. ಮೊದಲ ಪುಟದಲ್ಲೇ ಊರಿಗೆ ಊರೇ ಸತ್ತುಹೋಗಿತ್ತು. ಉಳಿದವರು ಆ ಇಬ್ಬರೇ; ಕಾರವಾರದ ಟಾಗೋರ್ ಕಡಲತೀರದಲ್ಲಿ ಕೈ ಹಿಡಿದು ನಡೆಯುತ್ತಾರೆ. ಓದಿ ಮುಗಿದಾಗ ಒಬ್ಬ ಕೇಳಿದ, "ಎಲ್ಲರನ್ನೂ ಯಾಕೆ ಸಾಯಿಸಿದೆ ಮಾರಾಯ್ತಿ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಮ್ಮ ಬದುಕಿದ್ರೆ ಇವರಿಬ್ಬರು ಕೈ ಹಿಡಿಯೋಕೆ ಆಗೋದಿಲ್ಲ" ಅಂದಳು. ಆಮೇಲೆ, "ಕತೆಯೊಳಗಿನ ಅಮ್ಮ" ಎಂದು ಸೇರಿಸಿದಳು. ಆ ಎರಡು ಶಬ್ದ ತಡವಾಗಿ ಬಂದವು. ಯಾರೂ ನಗಲಿಲ್ಲ.

ಆ ದಿನದಿಂದ ನಾವೆಲ್ಲ ಸೇರಿ ಆ ಕರಡನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇವೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

1. ಎಲ್ಲರನ್ನೂ ಸಾಯಿಸಬೇಡಿ

ಲೋಕಾಂತ್ಯದ ಕತೆಗಳಲ್ಲಿ ಊರು ಖಾಲಿ ಮಾಡುವುದು ಹಳೆಯ ದಾರಿ. ಮೇರಿ ಶೆಲ್ಲಿ 1826ರಲ್ಲೇ 'ದಿ ಲಾಸ್ಟ್ ಮ್ಯಾನ್' ಬರೆದಳು; ಅದರಲ್ಲಿ ಮಹಾಮಾರಿಗೆ ಮನುಕುಲವೇ ಅಳಿದು ಕೊನೆಗೆ ಒಬ್ಬ ಉಳಿಯುತ್ತಾನೆ. ಇನ್ನೊಂದು ದಾರಿ, ಬೇರೆಯೇ ನಾಡು ಕಟ್ಟುವುದು. ಬಂಗಾಳದ ರುಕಯ್ಯಾ 1905ರಲ್ಲಿ 'ಸುಲ್ತಾನಾಳ ಕನಸು' ಕತೆಯಲ್ಲಿ ಹೆಂಗಸರೇ ಆಳುವ ನಾಡನ್ನು ಕಲ್ಪಿಸಿದಳು.

ಆದರೆ ಪ್ರೇಮಕತೆಗೆ ನೆರೆಹೊರೆ ಬೇಕು. ನೋಡುವವರು, ಕೇಳುವವರು, ಬೈಯುವವರು, ಅನ್ನ ಹಾಕುವವರು ಯಾರೂ ಇಲ್ಲದಿದ್ದರೆ ಆ ಇಬ್ಬರು ಏನನ್ನು ಆರಿಸಿಕೊಂಡರು ಎಂಬುದೇ ಗೊತ್ತಾಗುವುದಿಲ್ಲ. ಬೇರೆ ಯಾರೂ ಉಳಿದಿಲ್ಲ, ಅದಕ್ಕೆ ಇವಳು ಎಂಬಂತಾಗುತ್ತದೆ. ಇನ್ನೂ ದೊಡ್ಡ ತೊಂದರೆ ಏನೆಂದರೆ, "ಇಂಥ ಪ್ರೀತಿಗೆ ಜಾಗ ಸಿಗಬೇಕಾದರೆ ಲೋಕವೇ ಮುಗಿಯಬೇಕು" ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ. ಹಾಸ್ಟೆಲ್ ರೂಮಿನಲ್ಲಿ ಕೂತು ನಮ್ಮ ಕಾದಂಬರಿ ಓದುವ ಹುಡುಗಿಗೆ ನಾವು ಹೇಳಬೇಕಾದ ಮಾತು ಇದೇ ಏನು?

ಮುಗಿಯದ ಲೋಕದಲ್ಲಿ ವಿಷಯ ಎಲ್ಲಿದೆ ಎಂದೂ ತಿಳಿದಿರಬೇಕು. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ಗಂಡಿನ ಮೇಲೆ ಗಂಡಿಗಿರುವ ಪ್ರೀತಿಯನ್ನು ನಮ್ಮ ಪೇಟೆ, ನಮ್ಮ ಮನೆಗಳ ನಡುವೆಯೇ ಇಟ್ಟು ತೋರಿಸಿತು. ನಮ್ಮ ಪಾತ್ರಗಳು ಈ ಲೋಕದಲ್ಲಿ ಬೆಳೆದವರು. ಊರು ಕುಸಿದರೂ ಅದರ ಭಯ, ನಾಚಿಕೆ, ಆಸೆ ಎಲ್ಲ ಅವರ ಜೊತೆಗೇ ಬರುತ್ತವೆ.

2. ಕುಸಿತ ನಮ್ಮೂರಿನದೇ ಆಗಿರಲಿ

ಲೋಕಾಂತ್ಯ ಎಂದ ಕೂಡಲೇ ನಾವು ಸಿನಿಮಾದಿಂದ ಉಲ್ಕೆ, ಜಾಂಬಿ ತರುತ್ತೇವೆ. ಬೇಡ. ಕರಾವಳಿಯವರಿಗೆ ಕುಸಿತ ಹೇಗಿರುತ್ತದೆ ಎಂದು 2024ರ ಮಳೆಗಾಲವೇ ತೋರಿಸಿದೆ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿಯಿತು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿದ. ಪಕ್ಕದ ಹೊಸ ಸೇತುವೆ ನಿಂತಿತ್ತು.

ಕಾದಂಬರಿಕಾರ ಕೇಳಬೇಕಾದದ್ದು ಇಷ್ಟು: ಹೊಸದೂ ನಿಲ್ಲದಿದ್ದರೆ? ಅದೇ ವಾರ ಗುಡ್ಡ ನಾಲ್ಕು ಕಡೆ ಜರಿದಿದ್ದರೆ? ಕೊಂಕಣ ರೈಲ್ವೆಯ ಸುರಂಗ ಮುಚ್ಚಿದ್ದರೆ? ಕರೆಂಟು ಹೋಗಿ ಮತ್ತೆ ಬರದೇ ಇದ್ದರೆ, ಹೊರಗಿನಿಂದ ಯಾರೂ ಬಾರದೇ ಇದ್ದರೆ? ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ, ಉತ್ತರಕ್ಕೆ ಕಾಳಿ, ದಕ್ಷಿಣಕ್ಕೆ ಗಂಗಾವಳಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೌಂಡರಿ ಕಂಡೀಷನ್ ತಯಾರು. ಉಳಿದ ದೇಶಕ್ಕೆ ಏನಾಯಿತು ಎಂದು ಪಾತ್ರಗಳಿಗೆ ಗೊತ್ತಿರಬೇಕಾಗಿಲ್ಲ.

ಇಲ್ಲೊಂದು ಎಚ್ಚರಿಕೆ. ಶಿರೂರಿನಲ್ಲಿ ಸತ್ತವರ ಮನೆಗಳಲ್ಲಿ ಇವತ್ತಿಗೂ ದುಃಖವಿದೆ. ಆ ಜನರ ಹೆಸರು, ಮುಖ, ಸಂಕಟವನ್ನು ಕಾದಂಬರಿಗೆ ಎತ್ತಿಕೊಳ್ಳಬಾರದು. ಗುಡ್ಡ ಹೇಗೆ ಜರಿಯಿತು ಎಂಬುದನ್ನು ಕಲಿಯೋಣ. ಜರಿದ ಗುಡ್ಡದ ಕೆಳಗಿದ್ದವರನ್ನು ಅವರ ಪಾಡಿಗೆ ಬಿಡೋಣ.

3. ಲೆಕ್ಕ ತಪ್ಪಬಾರದು

ನಮ್ಮ ಓದುಗರು ಇಂಜಿನಿಯರಿಂಗ್‌ನವರು. ಲೆಕ್ಕ ತಪ್ಪಿದರೆ ಕಾದಂಬರಿ ಅಲ್ಲೇ ಮುಚ್ಚುತ್ತಾರೆ. ನಾವು ಎರಡು ಪಾತ್ರಗಳನ್ನು ಕಲ್ಪಿಸಿಕೊಂಡೆವು. ವನಿತಾ, 33 ವರ್ಷ, ಅಂಕೋಲೆಯವಳು, ಕೈಗಾದಲ್ಲಿ ಪಂಪುಗಳ ನಿರ್ವಹಣೆ ನೋಡಿಕೊಳ್ಳುವವಳು. ರೇಷ್ಮಾ, 27 ವರ್ಷ, ಕಾಳಿಯ ಆಚೆ ದಡದ ದೇವಬಾಗದ ಮೀನುಗಾರರ ಮನೆಯವಳು, ಮನೆಮಾತು ಕೊಂಕಣಿ.

ಕೈಗಾ ಅಂದ ಕೂಡಲೇ "ಸ್ಫೋಟ" ಅನ್ನಬೇಡಿ. ರಿಯಾಕ್ಟರ್ ಅಣುಬಾಂಬಿನ ಹಾಗೆ ಸಿಡಿಯುವುದಿಲ್ಲ. ನಿಜವಾದ ಆತಂಕ ಇನ್ನೂ ನಿಧಾನದ್ದು. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಒಂದೊಂದರಲ್ಲೂ ಹುಟ್ಟುವ ಉಷ್ಣ, ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚು. ಘಟಕ ನಿಲ್ಲಿಸಿದರೂ ಇಂಧನದ ಕಾವು ನಿಲ್ಲುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣ ಉಷ್ಣದ ಸುಮಾರು ಶೇ 6ರಿಂದ 7, ಒಂದು ದಿನದ ನಂತರ ಸುಮಾರು ಶೇ 0.5. ಆ ಅರ್ಧ ಶೇಕಡಾ ಎಂದರೂ ಮೂರು ಮೆಗಾವಾಟಿಗಿಂತ ಹೆಚ್ಚು! ಅಂದರೆ ನೀರು ಹರಿಯುತ್ತಲೇ ಇರಬೇಕು, ಪಂಪಿನ ಪಕ್ಕ ಯಾರಾದರೂ ಇರಲೇಬೇಕು. ವನಿತಾ ಯಾಕೆ ಎಲ್ಲರ ಹಾಗೆ ಊರಿಗೆ ಓಡಲಿಲ್ಲ ಎಂಬುದಕ್ಕೆ ಇದೇ ಕಾರಣ. ಅವಳ ಸ್ವಭಾವವೂ ಇದರಿಂದಲೇ ತಿಳಿಯುತ್ತದೆ.

ಇನ್ನು ಭೇಟಿ. ರಸ್ತೆ ಇಲ್ಲ, ಆದ್ದರಿಂದ ರೇಷ್ಮಾ ಒಣಮೀನು, ಉಪ್ಪು ತುಂಬಿಕೊಂಡು ಕಾಳಿಯಲ್ಲಿ ಉಬ್ಬರ ಮುಟ್ಟುವವರೆಗೆ ದೋಣಿ ಏರಿಸಿ, ಉಳಿದ ದಾರಿ ನಡೆದು ಬರುತ್ತಾಳೆ. ಉಬ್ಬರದ ಜೊತೆ ಮೇಲಕ್ಕೆ, ಇಳಿತದ ಜೊತೆ ಕೆಳಕ್ಕೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹಾಗಾಗಿ ಅವಳು ಬರುವ ಹೊತ್ತೂ ದಿನಾ ಜಾರುತ್ತದೆ. ಗಡಿಯಾರ ನಿಂತುಹೋದ ಊರಿನಲ್ಲಿ ವನಿತಾ ಉಬ್ಬರದ ಲೆಕ್ಕವನ್ನು ಗೋಡೆಯ ಮೇಲೆ ಬರೆಯತೊಡಗುತ್ತಾಳೆ. "ಅವಳು ಕಾಯುತ್ತಿದ್ದಳು" ಎಂಬ ವಾಕ್ಯ ಬರೆಯುವುದೇ ಬೇಡ.

ಉಪ್ಪಿನ ಲೆಕ್ಕವೂ ಹಾಗೇ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಒಂದು ಕಿಲೋ ಬೇಕಾದರೆ ಸುಮಾರು 30 ಲೀಟರ್ ನೀರು ಇಂಗಿಸಬೇಕು. ಬಿಸಿಲಿಲ್ಲದ ಜೂನ್–ಜುಲೈನಲ್ಲಿ ಅದಕ್ಕೆ ಕಟ್ಟಿಗೆ ಸುಡಬೇಕು, ಒಣ ಕಟ್ಟಿಗೆಯೂ ಸಿಗುವುದಿಲ್ಲ. ಅಂಕೋಲೆಯವರು 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರು; ಆ ನೆನಪು ಊರಿನ ಅಜ್ಜಂದಿರ ಬಾಯಲ್ಲಿ ಬರಲಿ. ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರ್. ಬಸ್ಸಿನಲ್ಲಿ ನಿದ್ದೆ ಹತ್ತುವಷ್ಟರಲ್ಲಿ ಮುಗಿಯುತ್ತಿದ್ದ ದಾರಿ ಈಗ ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ದಾಟಿ ಒಂದು ಇಡೀ ದಿನದ ನಡಿಗೆ. ಇಬ್ಬರು ಮಾತಾಡಲು ಅಷ್ಟು ಹೊತ್ತು ಸಾಕು.

4. ಇಬ್ಬರೂ 'ಅವಳು' ಆದಾಗ

ಬರೆಯಲು ಕೂತಾಗ ನಾವು ಮೊದಲು ಎಡವಿದ್ದು ವ್ಯಾಕರಣದಲ್ಲಿ. ಗಂಡು–ಹೆಣ್ಣಿನ ಕತೆಯಲ್ಲಿ 'ಅವನು', 'ಅವಳು' ಅಂದರೆ ಕೆಲಸ ಮುಗಿಯಿತು. ಇಲ್ಲಿ "ಅವಳು ಅವಳ ಕೈ ಹಿಡಿದಳು" ಅಂದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ಪರಿಹಾರ ಕನ್ನಡದೊಳಗೇ ಇದೆ, ಅದು 'ತಾನು'. "ವನಿತಾ ರೇಷ್ಮಾಳಿಗೆ ಅವಳ ಚಾದರ ಹೊದಿಸಿದಳು" ಎಂದರೆ ಚಾದರ ರೇಷ್ಮಾಳದು. "ತನ್ನ ಚಾದರ ಹೊದಿಸಿದಳು" ಎಂದರೆ ವನಿತಾಳದು. ಒಂದೇ ಶಬ್ದ ಬದಲಾದರೂ ಯಾರು ಚಳಿಯಲ್ಲಿ ಉಳಿದರು ಎಂದು ಗೊತ್ತಾಗುತ್ತದೆ.

ಎರಡನೆಯದು 'ಅಕ್ಕ'. ನಮ್ಮಲ್ಲಿ ಆರು ವರ್ಷ ದೊಡ್ಡವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. 'ವನಿತಕ್ಕ' ಎಂಬ ಕರೆ ಇಬ್ಬರಿಗೂ ಒಳ್ಳೆಯ ಮರೆ. ಒಟ್ಟಿಗೆ ಉಂಡರೂ ಮಲಗಿದರೂ ಯಾರೂ ಏನೂ ಕೇಳುವುದಿಲ್ಲ. ಅದೇ ಕರೆ ಗೋಡೆಯೂ ಹೌದು. ಹಾಗಾಗಿ ಕಾದಂಬರಿಯ ದೊಡ್ಡ ಪ್ರೇಮ ಪ್ರಸಂಗಕ್ಕೆ ಮುತ್ತು ಬೇಕಾಗಿಲ್ಲ, 'ನೀವು' ಹೋಗಿ 'ನೀನು' ಬಂದರೆ ಸಾಕು. ನಾವು ಹೀಗೆ ಬರೆದು ನೋಡಿದೆವು:

ರೇಷ್ಮಾ ಗಂಜಿಯ ಪಾತ್ರೆ ಬಿಚ್ಚಿದಳು. ವನಿತಾ ಪಂಪಿನ ಸದ್ದಿಗೆ ಕಿವಿಗೊಟ್ಟು ನಿಂತೇ ಇದ್ದಳು.
"ಗಂಜಿ ಆರ್ತದೆ. ಊಟ ಮಾಡು."
"ಏನಂದಿ?"
"ಊಟ ಮಾಡು ಅಂದೆ."
"ಅಕ್ಕ ಎಲ್ಲಿ ಹೋಯ್ತು?"
ರೇಷ್ಮಾ ತಲೆ ಎತ್ತಲಿಲ್ಲ. "ಬರುವಾಗ ನದಿಯಲ್ಲಿ ಬಿತ್ತು."
ವನಿತಾ ಕೂತಳು. ಪಂಪು ತಿರುಗುತ್ತಿತ್ತು. ಆ ದಿನ ಮೊದಲ ಸಲ ಅವಳು ಅದಕ್ಕೆ ಬೆನ್ನು ಹಾಕಿ ಉಂಡಳು.

5. ಹೊಸ ಪಟ್ಟಿಯಲ್ಲಿ ಎಷ್ಟು ಒಲೆ?

ಈಗ ಕತೆಯ ಗಂಟು. ಎಲ್ಲ ಕುಸಿದ ಮೇಲೆ ಜನ ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು. ಯಾರಿದ್ದಾರೆ, ಯಾರಿಗೆಷ್ಟು ಅಕ್ಕಿ, ಯಾರಿಗೆ ಯಾವ ಕೆಲಸ. ಪಟ್ಟಿ ಬಂತೆಂದರೆ 'ಕುಟುಂಬ' ಅಂದರೆ ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಇದು ಬರೀ ಕಲ್ಪನೆಯಲ್ಲ. 2023ರ ತೀರ್ಪಿನ ಬೆನ್ನಿಗೆ, ಪಡಿತರ ಚೀಟಿಯ ಮಟ್ಟಿಗೆ ಸಲಿಂಗ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸುವಂತೆ ಕೇಂದ್ರ ಸರ್ಕಾರ 2024ರಲ್ಲಿ ರಾಜ್ಯಗಳಿಗೆ ತಿಳಿಸಿತು. ಮದುವೆಯಲ್ಲಿ ಸಿಗದ ಜಾಗ ರೇಷನ್ ಕಾರ್ಡಿನಲ್ಲಿ ಸಿಕ್ಕಿತು. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕೆ?

ನಮ್ಮ ಕಾದಂಬರಿಯಲ್ಲಿ ಪಟ್ಟಿ ಬರೆಯುವುದು ಅಂಕೋಲೆಯಲ್ಲಿ. ನಿಯಮ ಎರಡು. ಒಂದು, ಒಲೆಗೊಂದು ಅಳತೆ ಉಪ್ಪು. ಎರಡು, ಒಂದೇ ಒಲೆಯವರನ್ನು ಬೇರೆ ಬೇರೆ ಊರಿಗೆ ಕಳಿಸುವಂತಿಲ್ಲ; ಒಂಟಿಯಾಗಿದ್ದವರನ್ನು ಕೆಲಸ ಇದ್ದಲ್ಲಿಗೆ ಕಳಿಸಬಹುದು. ಇಬ್ಬರೂ ಬೇರೆ ಬೇರೆ ಬರೆಸಿದರೆ ಎರಡು ಅಳತೆ ಉಪ್ಪು, ಊರಿನವರ ಬಾಯಿಗೂ ಬೀಳುವುದಿಲ್ಲ, ಆದರೆ ಅವಳು ದೇವಬಾಗಕ್ಕೆ, ಇವಳು ಕೈಗಾಕ್ಕೆ. ಒಂದೇ ಒಲೆ ಎಂದರೆ ಉಪ್ಪು ಅರ್ಧ, ಮೇಲಾಗಿ ಎಲ್ಲರ ಎದುರು ಹೇಳಬೇಕು. ಪ್ರೀತಿಗೆ ಬೆಲೆ ಕಟ್ಟುವುದು ಅಂದರೆ ಇದು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಸಾಲಿನಲ್ಲಿ ಹಿಂದೆ ವನಿತಾಳ ಅಮ್ಮ ನಿಂತಿರಬೇಕು, ಬದುಕಿ.

6. ಕೊನೆಗೆ ಒಬ್ಬಳನ್ನು ಸಾಯಿಸಬೇಡಿ

ಹೆಂಗಸರಿಬ್ಬರ ಪ್ರೀತಿಯ ಕತೆಗಳಲ್ಲಿ ಕೊನೆಗೆ ಒಬ್ಬಳು ಸಾಯುವುದೋ ಇಬ್ಬರೂ ಸಾಯುವುದೋ ಮಾಮೂಲಿಯಾಗಿದೆ. ಬರೆಯುವವರಿಗೆ ಅದು ಸುಲಭ. ಕಣ್ಣೀರೂ ಬರುತ್ತದೆ, ಮುಂದೆ ಹೇಗೆ ಬದುಕಿದರು ಎಂದು ಯೋಚಿಸುವ ಕಷ್ಟವೂ ತಪ್ಪುತ್ತದೆ. ಪಾತ್ರಗಳಿಗೆ ಹಸಿವು, ಜ್ವರ, ಜಗಳ ಏನು ಬೇಕಾದರೂ ಕೊಡಿ. ಆದರೆ ಕೊನೆಯ ಪುಟ ಮಗುಚಿದಾಗ ಮಾರನೆಯ ದಿನದ ಗಂಜಿಗೆ ಅಕ್ಕಿ ನೆನೆಹಾಕುವವರು ಇಬ್ಬರೂ ಇರಲಿ.

ಹಾಗೆಂದು ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿಕೊಳ್ಳುವ ಕೊನೆಯೂ ಬೇಡ. ಅಮ್ಮ ಏನು ಹೇಳಬೇಕು ಎಂದು ನಾವು ಎರಡು ಶನಿವಾರ ಜಗಳಾಡಿದೆವು. ಒಬ್ಬರು ಭಾಷಣ ಬರೆದರು, ಇನ್ನೊಬ್ಬರು ಶಾಪ ಬರೆದರು. ಯಾವುದೂ ಅಮ್ಮನ ಹಾಗಿರಲಿಲ್ಲ. ಕೊನೆಗೆ ಮೊದಲ ಕರಡು ತಂದವಳೇ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಳು. ಪಟ್ಟಿ ಬರೆಯುವವನು "ಎಷ್ಟು ಒಲೆ?" ಎಂದು ಕೇಳುತ್ತಾನೆ. ರೇಷ್ಮಾ "ಒಂದು" ಅನ್ನುತ್ತಾಳೆ, ವನಿತಾ "ಒಂದು" ಅನ್ನುತ್ತಾಳೆ. ಅವನ ಪೆನ್ನು ಏಳುವುದಿಲ್ಲ. ಹಿಂದಿನಿಂದ ಅಮ್ಮ ಹೇಳುತ್ತಾಳೆ: "ಬರ್ಕೊಳ್ಳೊ. ಕಟ್ಟಿಗೆ ಉಳೀತದೆ."

ಅಮ್ಮ ಒಪ್ಪಿದಳೇ? ನಮಗೂ ಪೂರ್ತಿ ಗೊತ್ತಿಲ್ಲ. ಚೀಟಿ ತಂದವಳು ಅದನ್ನು ಓದಿ ಮುಗಿಸಿ, ಮಡಚಿ ಜೇಬಿಗೆ ಹಾಕಿಕೊಂಡಳು. ಹೊಸ ಕರಡಿನ ಮೊದಲ ಪುಟದಲ್ಲಿ ಈಗ ಅಮ್ಮ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಾಳೆ.

ನಿಮಗೊಂದು ಅಭ್ಯಾಸ: ನಿಮ್ಮ ಊರಿಗೆ ಬರುವ ದಾರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಒಂದೊಂದಾಗಿ ಕಡಿಯಿರಿ. ಉಳಿದ ಊರಿನಲ್ಲಿ ಇಬ್ಬರು ಹೆಂಗಸರನ್ನು ನಿಲ್ಲಿಸಿ. ಅವರನ್ನು ಬಲ್ಲ ಮೂರನೆಯವರೊಬ್ಬರನ್ನು ಬದುಕಿಸಿ. ಮೂವರೂ ಒಂದೇ ಪಟ್ಟಿಗಾಗಿ ಸಾಲಿನಲ್ಲಿ ನಿಂತ ದೃಶ್ಯವನ್ನು ಎರಡು ಪುಟದೊಳಗೆ ಬರೆಯಿರಿ. ಇಂಟರ್ನಲ್ಸ್ ಮುಗಿದ ಮೇಲಿನ ಮೊದಲ ಶನಿವಾರ ಕೂಟಕ್ಕೆ ತನ್ನಿ, ಒಟ್ಟಿಗೆ ಓದೋಣ. ಹೆಸರು ಹಾಕಲು ಇಷ್ಟವಿಲ್ಲದಿದ್ದರೆ ಹಾಕಬೇಡಿ. ಯಾರು ಬರೆದದ್ದು ಎಂದು ನಾವು ಕೇಳುವುದಿಲ್ಲ.