ದೂರು ಯಾರದು?

ಮೇಜಿನ ಮೇಲೆ ಓರೆಯಾದ ಪೆನ್ನನ್ನು ನೆಟ್ಟಗಿಡುವವರು, ಬೀರುವಿನಲ್ಲಿ ಬಟ್ಟೆಗಳನ್ನು ಬಣ್ಣದ ಪ್ರಕಾರ ಜೋಡಿಸುವವರು "ನನಗೆ ಸ್ವಲ್ಪ ಓಸಿಡಿ ಕಣ್ರೀ" ಎಂದು ನಗುತ್ತ ಹೇಳಿಕೊಳ್ಳುವುದು ಈಗ ಮಾಮೂಲಾಗಿದೆ. ಆ ನಗುವನ್ನೇ ಸ್ವಲ್ಪ ಗಮನಿಸಬೇಕು. ಓಸಿಡಿ, ಅಂದರೆ ಕನ್ನಡದಲ್ಲಿ ಗೀಳು ಮನೋರೋಗ ಎಂದು ಕರೆಯುವ ಕಾಯಿಲೆ, ನಿಜವಾಗಿ ಇರುವವರು ಅದನ್ನು ಹೀಗೆ ಹೆಮ್ಮೆ ಬೆರೆಸಿ ಹೇಳಿಕೊಳ್ಳುವುದು ಅಪರೂಪ. ಎಷ್ಟೋ ಜನ ವರ್ಷಗಟ್ಟಲೆ ಮನೆಯವರಿಂದಲೂ ಮುಚ್ಚಿಡುತ್ತಾರೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದು ಬೇರೆಯೇ ಒಂದು ಸ್ವಭಾವ. ಅದು ಮಿತಿ ಮೀರಿದಾಗ ಮನೋವೈದ್ಯರು ಅದಕ್ಕೆ ಓಸಿಪಿಡಿ ಎನ್ನುತ್ತಾರೆ, ಕೊನೆಯಲ್ಲಿ ವ್ಯಕ್ತಿತ್ವದೋಷ ಎಂಬುದನ್ನು ಸೇರಿಸಿ. ಪಟ್ಟಿ ಬರೆದುಕೊಳ್ಳದೆ ಸಂತೆಗೂ ಹೊರಡದವರ ಪಂಗಡಕ್ಕೆ ಸೇರಿದ ನಾನು ಇವೆರಡೂ ಒಂದೇ ಕಾಯಿಲೆಯ ದೊಡ್ಡ ಅಳತೆ, ಸಣ್ಣ ಅಳತೆ ಎಂದೇ ಬಹುಕಾಲ ನಂಬಿದ್ದೆ. ಓದುತ್ತ, ಈ ಸ್ವಭಾವವನ್ನು ಒಳಗಿನಿಂದ ನೋಡಿಕೊಳ್ಳುತ್ತ ಬಂದಂತೆ ಆ ನಂಬಿಕೆ ನಿಲ್ಲಲಿಲ್ಲ. ಇವೆರಡನ್ನೂ ಬೇರ್ಪಡಿಸಲು ಆ ಮನುಷ್ಯ ಏನು ಮಾಡುತ್ತಾನೆ ಎಂದು ನೋಡಿದರೆ ಸಾಲದು. ಅದರ ಬಗ್ಗೆ ಮೊದಲು ದೂರುವವರು ಯಾರು, ಅವನೋ, ಅವನ ಸುತ್ತಲಿನವರೋ ಎಂದು ಕೇಳಬೇಕು.

ಗೊಂದಲಕ್ಕೆ ಜನರನ್ನಷ್ಟೇ ದೂಷಿಸುವಂತಿಲ್ಲ, ಹೆಸರಿಟ್ಟವರ ಪಾಲೂ ಇದೆ. 1908ರಲ್ಲಿ ಫ್ರಾಯ್ಡ್ ಒಂದು ಪುಟ್ಟ ಪ್ರಬಂಧದಲ್ಲಿ ಅಚ್ಚುಕಟ್ಟು, ಜಿಪುಣತನ, ಹಠ ಈ ಮೂರೂ ಒಟ್ಟಿಗೇ ಕಾಣಿಸಿಕೊಳ್ಳುವ ಒಂದು ಬಗೆಯ ಜನರನ್ನು ಚಿತ್ರಿಸಿದ. ಶೈಶವದ ಮಲವಿಸರ್ಜನೆಗೆ ಅದನ್ನು ಗಂಟುಹಾಕಿದ ಅವನ ವಿವರಣೆಯನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ, ಆದರೆ ಚಿತ್ರ ಮಾತ್ರ ಇಂದಿಗೂ ಮಾಸಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ ತನ್ನ 1980ರ ಆವೃತ್ತಿಯಲ್ಲಿ ಈ ಸ್ವಭಾವದ ಹೆಸರಿನಿಂದ 'ಅಬ್ಸೆಸಿವ್' ಎಂಬ ಪದವನ್ನು ಕೈಬಿಟ್ಟು ಬರೀ 'ಕಂಪಲ್ಸಿವ್ ಪರ್ಸನಾಲಿಟಿ' ಎಂದಿತು. 1987ರ ಪರಿಷ್ಕರಣೆಯಲ್ಲಿ ಬಿಟ್ಟ ಪದ ಮರಳಿ ಬಂತು. ಹೀಗೆ ಎರಡು ಬೇರೆ ತೊಂದರೆಗಳು ಒಂದೇ ಇನಿಷಿಯಲ್ ಹೊತ್ತು ಓಡಾಡುವಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿದ್ದ 'ಅನಂಕಾಸ್ಟಿಕ್' ಎಂಬ ಹೆಸರು ನಾಲಿಗೆಗೆ ಹೊರಳದಿದ್ದರೂ ಈ ದೃಷ್ಟಿಯಿಂದ ವಾಸಿಯೇ ಆಗಿತ್ತು.

ಗೀಳು ಮನೋರೋಗದಲ್ಲಿ ಬೇಡವೆಂದರೂ ನುಗ್ಗುವ ಯೋಚನೆಯೊಂದು ಇರುತ್ತದೆ. ಕೈಗೆ ಹೊಲಸು ಅಂಟಿದೆ, ಗ್ಯಾಸ್ ಆರಿಸಿಲ್ಲ, ಎತ್ತಿಕೊಂಡ ಕೂಸನ್ನು ನಾನೇ ಕೆಳಗೆ ಬಿಟ್ಟುಬಿಡುತ್ತೇನೇನೋ, ದೇವರೆದುರು ಕೈಮುಗಿದ ಹೊತ್ತಿನಲ್ಲೇ ಅಸಹ್ಯವಾದದ್ದೇನೋ ಕಣ್ಮುಂದೆ ಬರುತ್ತದೆ. ಆ ಯೋಚನೆ ತನ್ನದಲ್ಲ, ತನ್ನ ಮನಸ್ಸಿಗೆ ಒಪ್ಪುವಂಥದ್ದಲ್ಲ ಎಂದು ಹೆಚ್ಚಿನವರಿಗೆ ಗೊತ್ತಿರುತ್ತದೆ. ಗೊತ್ತಿದ್ದೂ ತಡೆಯಲಾಗದೆ ತೊಳೆಯುತ್ತಾರೆ, ಚಿಲಕ ಎಳೆದು ನೋಡುತ್ತಾರೆ, ಎಣಿಸುತ್ತಾರೆ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಇದಕ್ಕೇ ಹೋಗುವುದು, ಇಲ್ಲವೇ ಬದುಕಿನ ಕೆಲಸ ಕೆಡುವುದು ಡಿಎಸ್‌ಎಂ ಇಟ್ಟಿರುವ ಅಳತೆ. ಓಸಿಪಿಡಿಯಲ್ಲಿ ಹೀಗೆ ಹೊರಗಿನಿಂದ ನುಗ್ಗಿದಂಥ ಯೋಚನೆಯೇ ಇಲ್ಲ. ಅಲ್ಲಿರುವುದು ಯೌವನದ ಹೊತ್ತಿಗೇ ಗಟ್ಟಿಯಾದ ಬಾಳುವ ರೀತಿ. ಕೈಪಿಡಿ ಎಂಟು ಲಕ್ಷಣ ಕೊಟ್ಟು ನಾಲ್ಕಾದರೂ ಇರಬೇಕೆನ್ನುತ್ತದೆ. ಅವುಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಎರಡು. ಒಂದು, ಕೆಲಸವೇ ಮುಗಿಯದಂತೆ ಮಾಡುವ ಪರಿಪೂರ್ಣತೆಯ ಹಂಬಲ: ವರದಿ ಚೆನ್ನಾಗಿರಬೇಕೆಂದು ತಿದ್ದಿ ತಿದ್ದಿ ಕೊಡಬೇಕಾದ ದಿನವೇ ದಾಟಿಹೋಗುತ್ತದೆ. ಇನ್ನೊಂದು, ತಾನು ಹೇಳಿದ ಹಾಗೇ ಮಾಡುವುದಾದರೆ ಮಾತ್ರ ಬೇರೆಯವರಿಗೆ ಕೆಲಸ ಒಪ್ಪಿಸುವುದು. "ಅವರಿಗೆ ಕೊಟ್ಟು ಆಮೇಲೆ ತಿದ್ದುವ ಬದಲು ನಾನೇ ಮಾಡಿದರಾಯ್ತು" ಎಂಬ ಮಾತು ಕೇಳದ ಆಫೀಸಾಗಲಿ ಅಡುಗೆಮನೆಯಾಗಲಿ ಇರಲಾರದು. ನಿಯಮ ಮತ್ತು ಪಟ್ಟಿಗಳ ಹುಚ್ಚು, ಬಿಡುವನ್ನೂ ಗೆಳೆತನವನ್ನೂ ನುಂಗುವ ದುಡಿತ, ನೀತಿಯಲ್ಲಿ ಎಳ್ಳಷ್ಟೂ ಬಗ್ಗದಿರುವುದು, ಹರಕುಮುರುಕನ್ನೂ ಎಸೆಯದಿರುವುದು, ಕಷ್ಟಕಾಲಕ್ಕೆಂದು ಬಿಗಿಹಿಡಿದ ಕಾಸು, ಹಠ: ಇವು ಉಳಿದವು. ಕೈ ತೊಳೆಯುವುದು ಈ ಎಂಟರಲ್ಲಿ ಎಲ್ಲಿಯೂ ಇಲ್ಲ.

ಇದು ಪದಗಳ ಆಟವಲ್ಲ ಎನ್ನುವುದಕ್ಕೆ ನನ್ನನ್ನು ಒಪ್ಪಿಸಿದ ಒಂದು ಪ್ರಯೋಗವಿದೆ. 2014ರಲ್ಲಿ ಆಂಟನಿ ಪಿಂಟೊ ಮತ್ತು ಸಂಗಡಿಗರು ನಾಲ್ಕು ಗುಂಪು ಮಾಡಿದರು: ಬರೀ ಓಸಿಡಿ ಇರುವವರು, ಬರೀ ಓಸಿಪಿಡಿ ಇರುವವರು, ಎರಡೂ ಇರುವವರು, ಯಾವುದೂ ಇಲ್ಲದವರು. ಒಂದೊಂದು ಗುಂಪಿನಲ್ಲಿ 25 ಜನ. ಈಗಲೇ ಸಿಗುವ ಸಣ್ಣ ಮೊತ್ತ ಬೇಕೋ, ಕಾದರೆ ಸಿಗುವ ದೊಡ್ಡ ಮೊತ್ತ ಬೇಕೋ ಎಂದು ಮತ್ತೆ ಮತ್ತೆ ಕೇಳಿದರು. ಓಸಿಪಿಡಿ ಇರುವವರು, ಅದು ಒಂಟಿಯಾಗಿರಲಿ ಓಸಿಡಿಯ ಜೊತೆಗಿರಲಿ, ಕಾಯುವುದನ್ನೇ ಹೆಚ್ಚಾಗಿ ಆರಿಸಿದರು. ಬರೀ ಓಸಿಡಿ ಇರುವವರು ಈ ವಿಷಯದಲ್ಲಿ ಆರೋಗ್ಯವಂತರ ಹಾಗೆಯೇ ಇದ್ದರು. ನೂರು ಜನರ ಒಂದು ಪ್ರಯೋಗದ ಮೇಲೆ ಇಡೀ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ಅದು ತೋರಿಸಿದ ದಿಕ್ಕು ಸ್ಪಷ್ಟವಾಗಿದೆ: ಒಂದು ಕಡೆ ಆತಂಕದ ಕೈಯಲ್ಲಿ ಸಿಕ್ಕಿಕೊಂಡ ಮನಸ್ಸು, ಇನ್ನೊಂದು ಕಡೆ ಅತಿಯಾಗಿ ತನ್ನನ್ನು ಹಿಡಿದುಕೊಳ್ಳಬಲ್ಲ ಮನಸ್ಸು. ಈಗಿನ ಸುಖವನ್ನು ಮುಂದಕ್ಕೆ ಹಾಕಬಲ್ಲವರನ್ನು ನಾವು ಮೆಚ್ಚುತ್ತೇವೆ. ಎಂದೆಂದಿಗೂ ಮುಂದಕ್ಕೇ ಹಾಕುತ್ತಿರುವವರನ್ನು ಏನೆಂದು ಕರೆಯಬೇಕೋ ನಮಗೆ ಗೊತ್ತಿಲ್ಲ.

ದೂರಿನ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಓಸಿಡಿ ಇರುವವರು ತಮ್ಮ ನೋವಿನಿಂದ ಬೇಸತ್ತು ವೈದ್ಯರ ಬಳಿ ಬರುತ್ತಾರೆ, ತಡವಾಗಿಯಾದರೂ. ಓಸಿಪಿಡಿ ಇರುವವರು ಆ ಹೆಸರು ಹೇಳಿಕೊಂಡು ಬರುವುದು ಕಡಿಮೆ. ಅವರನ್ನು ಕರೆತರುವುದು ಖಿನ್ನತೆ, ನಿದ್ದೆಗೆಟ್ಟ ರಾತ್ರಿ, ಇಲ್ಲವೇ "ಇನ್ನು ನನ್ನಿಂದಾಗದು" ಎಂದ ಹೆಂಡತಿ ಅಥವಾ ಗಂಡ. ಓಸಿಪಿಡಿ ಎಷ್ಟು ಜನರಲ್ಲಿದೆ ಎಂಬ ಅಮೆರಿಕದ ಅಂದಾಜುಗಳನ್ನು ಡಿಎಸ್‌ಎಂ-5 ಶೇಕಡ 2.1ರಿಂದ 7.9ರವರೆಗೆ ಎಂದು ಕೊಡುತ್ತದೆ, ಅಂದರೆ ವ್ಯಕ್ತಿತ್ವದೋಷಗಳಲ್ಲಿ ಅತಿ ಸಾಮಾನ್ಯವಾದವುಗಳಲ್ಲಿ ಇದೊಂದು. ಆದರೂ ಕಣ್ಣಿಗೆ ಬೀಳುವುದಿಲ್ಲ. ಏಕೆಂದರೆ ಅದರ ಫಲ ಪರೀಕ್ಷೆಯ ಅಂಕವಾಗಿ, ಬಡ್ತಿಯಾಗಿ, ಬ್ಯಾಂಕಿನ ಠೇವಣಿಯಾಗಿ ಎಲ್ಲರಿಗೂ ಕಾಣುತ್ತದೆ. ಅದರ ಖರ್ಚು ಮನೆಯೊಳಗೆ ಸದ್ದಿಲ್ಲದೆ ನಡೆಯುತ್ತದೆ. ಬೆಂಡೆಕಾಯಿ ಹೆಚ್ಚಿದ ಅಳತೆಗೆ ಬೈಸಿಕೊಂಡವರು, ಒಂದು ಅಂಕ ಕಡಿಮೆಯಾದ ಮಗು, ರಜೆ ಹಾಕಿದ್ದಕ್ಕೆ ಮುಖ ಗಂಟಿಕ್ಕಿದ ಮೇಲಧಿಕಾರಿಯ ಕೈಕೆಳಗಿನವರು ಆ ಲೆಕ್ಕ ಇಟ್ಟಿರುತ್ತಾರೆ. ಇಟ್ಟವರಿಗೂ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಯಾಕೆಂದರೆ ಒಂದೊಂದೇ ಮಾತು ತೆಗೆದುಕೊಂಡರೆ ಅವನು ಹೇಳುವುದು ಸರಿಯೇ ಇರುತ್ತದೆ.

ಹಾಗಾದರೆ ಶಿಸ್ತನ್ನೇ ರೋಗ ಮಾಡಿಬಿಟ್ಟಿರಲ್ಲ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಲಾರೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಸಂಸಾರ ತೂಗಿಸಿದ ತಲೆಮಾರು ಎಣ್ಣೆ ಡಬ್ಬ, ಹಗ್ಗದ ತುಂಡು ಎತ್ತಿಟ್ಟಿದ್ದರೆ ಅದು ದೋಷವಲ್ಲ, ಲೆಕ್ಕಾಚಾರ. ಆದರೆ ಶಿಸ್ತು ಒಂದು ಉದ್ದೇಶಕ್ಕೆ ದುಡಿಯುತ್ತದೆ, ಸಂದರ್ಭ ಬದಲಾದರೆ ಸಡಿಲವಾಗಬಲ್ಲದು. ದೋಷದಲ್ಲಿ ಉದ್ದೇಶವೇ ಕಳೆದುಹೋಗಿರುತ್ತದೆ. ಪ್ರವಾಸದ ಪಟ್ಟಿ ಕಳೆದುಹೋದರೆ ಒಬ್ಬ ಹೊಸದು ಬರೆಯುತ್ತಾನೆ ಅಥವಾ ಹಾಗೇ ಹೊರಡುತ್ತಾನೆ. ಇನ್ನೊಬ್ಬ ಆ ಪಟ್ಟಿಯನ್ನೇ ಹುಡುಕುತ್ತ ಬಸ್ಸು ತಪ್ಪಿಸಿಕೊಳ್ಳುತ್ತಾನೆ. ಕೈಪಿಡಿಯ ಲಕ್ಷಣಗಳಲ್ಲಿ 'ಕೆಲಸ ಮುಗಿಯದಷ್ಟು', 'ಗೆಳೆತನ ಹೊರಗುಳಿಯುವಷ್ಟು' ಎಂಬ ಮಿತಿಯ ಮಾತುಗಳು ಸುಮ್ಮನೆ ಬಂದಿಲ್ಲ. ನೀತಿಯ ಬಿಗಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗಲಂತೂ ಸಂಸ್ಕೃತಿ, ಧರ್ಮದಿಂದ ಬಂದದ್ದನ್ನು ಬಿಡಬೇಕೆಂದು ಅಲ್ಲಿಯೇ ಹೇಳಿದೆ. ನಮ್ಮಲ್ಲಿ ಇದು ದೊಡ್ಡ ವಿಷಯ. ಮಡಿ ಆಚರಿಸುವುದು ಓಸಿಡಿಯೂ ಅಲ್ಲ, ಓಸಿಪಿಡಿಯೂ ಅಲ್ಲ. ಆದರೆ ಮಡಿಯ ಮನೆಯಲ್ಲಿ ಎರಡೂ ಸುಲಭವಾಗಿ ಅಡಗಬಲ್ಲವು: ನಾಲ್ಕನೆಯ ಸ್ನಾನ ಭಕ್ತಿಯಾಗಿಯೂ, ಎಲ್ಲರ ಮೇಲೂ ಹೇರಿದ ಕಟ್ಟುಪಾಡು ಆಚಾರವಾಗಿಯೂ ಕಾಣುತ್ತದೆ. ಸಂಪ್ರದಾಯಕ್ಕೆ ತನ್ನದೇ ರಿಯಾಯಿತಿಗಳಿವೆ, ಕಾಯಿಲೆ ಬಿದ್ದವರಿಗೆ, ಪ್ರಯಾಣದಲ್ಲಿರುವವರಿಗೆ ಬೇರೆ ನಿಯಮ. ಆ ರಿಯಾಯಿತಿಯನ್ನೂ ಬಳಸಲಾಗದವರತ್ತ ಗಮನ ಕೊಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ, ಗೆರೆ ನಾನು ಎಳೆದಷ್ಟು ನೇರವಾಗಿಲ್ಲ ಎನ್ನುವುದು. ಓಸಿಡಿ ಇದ್ದೂ ತನ್ನ ಭಯ ನಿಜವೇ ಎಂದು ನಂಬುವವರಿದ್ದಾರೆ. 2013ರ ಡಿಎಸ್‌ಎಂ-5 ಅದಕ್ಕೆಂದೇ ಒಳನೋಟದ ಮಟ್ಟಗಳನ್ನು ಗುರುತಿಸಿದೆ. ಓಸಿಪಿಡಿ ಇರುವವರೂ ತಮ್ಮ ಸ್ವಭಾವದ ಭಾರಕ್ಕೆ ತಾವೇ ನಲುಗುವುದುಂಟು. ಎರಡೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯಂತೂ 2022ರಲ್ಲಿ ಜಾರಿಗೆ ಬಂದ ಐಸಿಡಿ-11 ಎಂಬ ಪಟ್ಟಿಯಲ್ಲಿ ವ್ಯಕ್ತಿತ್ವದೋಷದ ಹಳೆಯ ಖಾನೆಗಳನ್ನು ತೆಗೆದು, ತೀವ್ರತೆಯನ್ನು ಅಳೆದು, ಅನಂಕಾಸ್ಟಿಯಾವನ್ನು ಒಂದು ಗುಣಲಕ್ಷಣವಾಗಿ ಮಾತ್ರ ಉಳಿಸಿಕೊಂಡಿದೆ. ಇದೆಲ್ಲ ಒಪ್ಪಿಯೂ ನನ್ನ ಪ್ರಶ್ನೆಯನ್ನು ಹಿಂತೆಗೆದುಕೊಳ್ಳಲಾರೆ. ಖಾನೆ ಹೋದರೂ ಓಸಿಡಿ ಆ ಪಟ್ಟಿಯಲ್ಲಿ ಬೇರೆ ಗುಂಪಿನಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ದಾರಿ ಬೇರೆ.

ಓಸಿಡಿಗೆ ಫ್ಲುಯೊಕ್ಸೆಟಿನ್‌ನಂಥ ಮಾತ್ರೆಗಳಿವೆ, ಕೆಲಸ ಮಾಡಲು ವಾರಗಟ್ಟಲೆ ಬೇಕು, ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣವೂ ಬೇಕಾಗಬಹುದು. ಭಯಪಡುವ ವಸ್ತುವನ್ನು ಮುಟ್ಟಿಸಿ ತೊಳೆಯದಂತೆ ತಡೆಯುವ ವರ್ತನಾ ಚಿಕಿತ್ಸೆ ಚೆನ್ನಾಗಿ ಪರೀಕ್ಷೆಗೊಳಗಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಮೀಸಲಾದ ಕ್ಲಿನಿಕ್ ಇದೆ. ಓಸಿಪಿಡಿಗೆ ಇದೇ ಔಷಧವೆಂದು ತೋರಿಸಬಲ್ಲಂಥದ್ದಿಲ್ಲ; ಉಳಿಯುವುದು ಮಾತುಕತೆಯ ಚಿಕಿತ್ಸೆ, ಅದೂ ನಿಧಾನ. ರೋಗಿ ಆ ಚಿಕಿತ್ಸೆಯನ್ನೂ ಪರಿಪೂರ್ಣವಾಗಿ ಮಾಡಲು ಹೊರಟು, ಮನೆಗೆಲಸದ ನೋಟ್‌ಬುಕ್ಕಿಗೆ ಅಡಿಗೋಲಿಟ್ಟು ಗೆರೆ ಎಳೆಯುವ ಅಪಾಯವಿದೆ. "ನೀನು ತಪ್ಪು" ಎಂದರೆ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ಅವನ ಸ್ವಂತ ಗುರಿಯಿಂದಲೇ ಶುರುಮಾಡಬೇಕು: ಈ ಪತ್ರ ತಿದ್ದಲು ಎಷ್ಟು ಗಂಟೆ ಹೋಯಿತು, ಆ ಗಂಟೆಯಲ್ಲಿ ಇನ್ನೇನು ಆಗುತ್ತಿತ್ತು? ಎರಡೂ ಚಿಕಿತ್ಸೆಗಳಲ್ಲಿ ಕೊಡುವ ಸಣ್ಣ ಅಭ್ಯಾಸಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಬ್ಬರಿಗೆ ಬಸ್ಸಿನ ಕಂಬಿ ಹಿಡಿದು ಕೈ ತೊಳೆಯದೆ ಕೂರಲು ಹೇಳುತ್ತಾರೆ, ಇನ್ನೊಬ್ಬರಿಗೆ ಒಂದು ಕಾಗುಣಿತದ ತಪ್ಪನ್ನು ಹಾಗೇ ಬಿಟ್ಟು ಪತ್ರ ಕಳಿಸಲು. ಮಾರನೆಯ ಭೇಟಿಯಲ್ಲಿ ಮೊದಲನೆಯವರನ್ನು ಕೇಳುವುದು, ಭಯ ಎಷ್ಟು ಹೊತ್ತಿಗೆ ಇಳಿಯಿತು ಎಂದು. ಎರಡನೆಯವರನ್ನು ಕೇಳುವುದು, ಆ ತಪ್ಪು ಯಾರ ಕಣ್ಣಿಗಾದರೂ ಬಿತ್ತೇ ಎಂದು.