ಆರು ಮನೆಯ ಚೀಲದ ಲೆಕ್ಕ

ಭಯವೆಂಬುದು ಕತ್ತಲೆಯಿಂದಲೂ ಪಿಶಾಚಿಗಳಿಂದಲೂ ಹುಟ್ಟುತ್ತದೆಯೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ವಿಡಿಯೊ ಆಟಗಳಲ್ಲಿ ‘ಸರ್ವೈವಲ್ ಹಾರರ್’ ಎಂಬ ಒಂದು ವರ್ಗವುಂಟು. ಘೋರವಾದ ಸನ್ನಿವೇಶದಲ್ಲಿ ಜೀವ ಉಳಿಸಿಕೊಂಡು ಹೊರಬರುವುದೇ ಅವುಗಳ ವಸ್ತು. ಅವನ್ನು ಆಡಿದವರನ್ನು ಕೇಳಿದರೆ, ಎದುರಿಗೆ ಬಂದ ಹೆಣಕ್ಕಿಂತಲೂ ಪಿಸ್ತೂಲಿನಲ್ಲಿ ಮೂರೇ ಗುಂಡುಗಳು ಉಳಿದಿವೆಯೆಂಬ ಅರಿವೇ ಹೆಚ್ಚು ನಡುಕ ಹುಟ್ಟಿಸಿತೆಂದು ಹೇಳಿಯಾರು. ಈ ನಡುಕದ ಹಿಂದೆ ಒಂದು ಗಣಿತವಿದೆ. ಅದನ್ನು ಈಗ ವಿಚಾರಿಸೋಣ.

ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1996ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್’ ಎಂಬ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ನಿರ್ದೇಶಕರು ಶಿಂಜಿ ಮಿಕಾಮಿ. ಕಾಡಿನ ನಡುವೆ ಒಂದು ಹಳೆಯ ಬಂಗಲೆ. ಒಳಗೆಲ್ಲ ನಡೆದಾಡುವ ಹೆಣಗಳು. ಆಟಗಾರನು ಕ್ರಿಸ್ ಅಥವಾ ಜಿಲ್ ಎಂಬ ಇಬ್ಬರಲ್ಲಿ ಒಬ್ಬರ ಪಾತ್ರವನ್ನು ವಹಿಸಬೇಕು. ಕ್ರಿಸ್‌ನ ಚೀಲದಲ್ಲಿ 6 ಮನೆಗಳು, ಜಿಲ್‌ಳ ಚೀಲದಲ್ಲಿ 8. (ಚೌಕಾಬಾರ ಆಡಿದವರಿಗೆ ‘ಮನೆ’ ಎಂದರೇನೆಂದು ಹೇಳಬೇಕಾಗಿಲ್ಲ.) ಪಿಸ್ತೂಲಿಗೆ ಒಂದು ಮನೆ, ಅದರ ಗುಂಡುಗಳಿಗೆ ಒಂದು, ಔಷಧಿಗೆ ಒಂದು, ಕೀಲಿಕೈಗೆ ಒಂದು. ಉಳಿದುದನ್ನು ಅಲ್ಲಲ್ಲಿ ಇರುವ ದೊಡ್ಡ ಪೆಟ್ಟಿಗೆಗಳಲ್ಲಿ ಇಡಬಹುದು. ಒಂದು ಪೆಟ್ಟಿಗೆಯಲ್ಲಿ ಇಟ್ಟದ್ದು ಇನ್ನೊಂದರಲ್ಲೂ ದೊರೆಯುತ್ತದೆ. ಆದರೆ ಪೆಟ್ಟಿಗೆಯವರೆಗೆ ನಡೆದುಹೋಗುವುದೇ ಅಪಾಯ!

ಹನ್ನೆರಡು ಬಗೆಯ ಪದಾರ್ಥಗಳಿಂದ ಆರನ್ನು ಆರಿಸುವ ಕ್ರಮಗಳು ಎಷ್ಟು? ಲೆಕ್ಕ ಹಾಕಿದರೆ 924 ಎಂದು ಬರುತ್ತದೆ. ಒಂದೊಂದು ಪದಾರ್ಥಕ್ಕೂ ಒಂದು ಬೆಲೆಯನ್ನು ಕಟ್ಟಲು ಸಾಧ್ಯವಿದ್ದರೆ ಈ ಸಂಖ್ಯೆಗೆ ನಾವು ಅಂಜಬೇಕಾಗಿರಲಿಲ್ಲ. ಬೆಲೆಯಲ್ಲಿ ಮೇಲಿನ ಆರನ್ನು ತೆಗೆದುಕೊಂಡರೆ ಆಯಿತು. ತೊಡಕಿರುವುದು ಇಲ್ಲಿ: ಒಂದರ ಬೆಲೆ ಇನ್ನೊಂದನ್ನು ಅವಲಂಬಿಸಿದೆ. ಪಿಸ್ತೂಲಿಲ್ಲದ ಗುಂಡಿಗೆ ಬೆಲೆಯಿಲ್ಲ, ಗುಂಡಿಲ್ಲದ ಪಿಸ್ತೂಲಿಗೂ ಇಲ್ಲ. ಖಾಲಿ ಮನೆಗೂ ಬೆಲೆಯುಂಟು, ಏಕೆಂದರೆ ದಾರಿಯಲ್ಲಿ ಸಿಕ್ಕಿದ ಕೀಲಿಕೈಯನ್ನು ಎತ್ತಿಕೊಳ್ಳಲು ಜಾಗ ಬೇಕು. 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಚೀಲದ ಬದಲು ಚೌಕುಳಿಗಳ ಪೆಟ್ಟಿಗೆ ಬಂದಿತು, ದೊಡ್ಡ ಬಂದೂಕು ಹೆಚ್ಚು ಚೌಕಗಳನ್ನು ತಿನ್ನುತ್ತದೆ. ಒಂದೊಂದು ವಸ್ತುವಿಗೆ ಒಂದೊಂದು ಗಾತ್ರ ಬಂದೊಡನೆ ಇದು ಗಣಿತಜ್ಞರು ‘ಬೆನ್ನುಚೀಲದ ಸಮಸ್ಯೆ’ಯೆಂದು ಕರೆಯುವ ಪ್ರಸಿದ್ಧ ಸಮಸ್ಯೆಗೆ ಹತ್ತಿರವಾಗುತ್ತದೆ. ರಿಚರ್ಡ್ ಕಾರ್ಪ್ ಎಂಬ ಅಮೆರಿಕದ ವಿದ್ವಾಂಸರು 1972ರಲ್ಲಿ ಪಟ್ಟಿಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಅದೂ ಒಂದು.

ಇನ್ನು ಮಿಶ್ರಣದ ವಿಚಾರ. ಮೊದಲನೆಯ ಆಟದಲ್ಲಿ ಹಸುರು, ಕೆಂಪು, ನೀಲಿ ಎಂಬ ಮೂರು ಮೂಲಿಕೆಗಳಿವೆ. ನೀಲಿಯದು ವಿಷಹರ. ಹಸುರನ್ನು ಸೇವಿಸಿದರೆ ಗಾಯ ಒಂದಿಷ್ಟು ಮಾಯುತ್ತದೆ. ಕೆಂಪಿನಿಂದ ಮಾತ್ರವೇ ಯಾವ ಫಲವೂ ಇಲ್ಲ. ಆದರೆ ಒಂದು ಹಸುರಿಗೆ ಒಂದು ಕೆಂಪನ್ನು ಬೆರೆಸಿದರೆ ಪೂರ್ಣಾರೋಗ್ಯ ಲಭಿಸುತ್ತದೆ. ಮೂರು ಹಸುರುಗಳನ್ನು ಬೆರೆಸಿದರೂ ಅದೇ ಫಲ. ಎಂದರೆ ಒಂಟಿಯಾಗಿ ಸೊನ್ನೆಯಾದ ಕೆಂಪು, ಹಸುರಿನ ಸಹವಾಸದಲ್ಲಿ ಎರಡು ಹಸುರುಗಳಿಗೆ ಸಮನಾಯಿತು! ಮೇಲಾಗಿ, ಮೂರು ಮನೆಗಳಲ್ಲಿದ್ದುದು ಒಂದು ಮನೆಗೆ ಇಳಿಯಿತು. ಹಾಗಾದರೆ ಸಿಕ್ಕಿದೊಡನೆ ಬೆರೆಸುವುದು ಜಾಣತನವೆ? ಅಲ್ಲ. ಬೆರೆತದ್ದು ಮತ್ತೆ ಬೇರೆಯಾಗದು. ತರಚುಗಾಯಕ್ಕೆ ಮೂರರ ಮಿಶ್ರಣವನ್ನು ಸೇವಿಸಿದವನು, ಹತ್ತು ರೂಪಾಯಿಯ ಸಾಮಾನಿಗೆ ನೂರರ ನೋಟನ್ನು ಕೊಟ್ಟು ಚಿಲ್ಲರೆ ಕೇಳದೆ ಬಂದವನಂತೆ.

ಈ ತತ್ತ್ವವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಅಮೆರಿಕದ ನಾಟಿ ಡಾಗ್ ಸಂಸ್ಥೆಯವರ 2013ರ ‘ದಿ ಲಾಸ್ಟ್ ಆಫ್ ಅಸ್’. ಅದರಲ್ಲಿ ಮದ್ಯಸಾರ ಮತ್ತು ಚಿಂದಿ ಬಟ್ಟೆ ಸೇರಿದರೆ ಗಾಯಕ್ಕೆ ಕಟ್ಟುವ ಔಷಧಿಯ ಪೊಟ್ಟಣವಾಗುತ್ತದೆ. ಅದೇ ಮದ್ಯಸಾರ, ಅದೇ ಬಟ್ಟೆ ಸೇರಿ ಶತ್ರುವಿನ ಮೇಲೆ ಎಸೆಯುವ ಬೆಂಕಿಬಾಟಲಿಯೂ ಆಗುತ್ತದೆ. ಒಂದನ್ನು ಮಾಡಿದರೆ ಇನ್ನೊಂದು ಕೈಬಿಟ್ಟಂತೆ. ಹೀಗೆ ಕೈಬಿಟ್ಟದ್ದರ ಬೆಲೆಯನ್ನು ಅರ್ಥಶಾಸ್ತ್ರಜ್ಞರು ‘ಅವಕಾಶ ವೆಚ್ಚ’ವೆನ್ನುತ್ತಾರೆ. ಪದಾರ್ಥವು ಕಚ್ಚಾ ಸ್ಥಿತಿಯಲ್ಲಿ ಇರುವವರೆಗೆ ಎರಡು ಬಾಗಿಲುಗಳೂ ತೆರೆದಿರುತ್ತವೆ. ಆದುದರಿಂದ ಮುಂದೇನು ಬರುವುದೆಂದು ತಿಳಿಯದವನಿಗೆ, ಸಿದ್ಧವಸ್ತುವಿಗಿಂತ ಕಚ್ಚಾವಸ್ತುವೇ ಹೆಚ್ಚು ಬೆಲೆಯುಳ್ಳದ್ದೆಂದು ನಾವು ಹೇಳಬಹುದು. ಆಟವನ್ನು ರಚಿಸಿದವರು ಇದನ್ನು ಚೆನ್ನಾಗಿ ಬಲ್ಲರು. ಕಚ್ಚಾವಸ್ತುವಿಗೂ ಅವರು ಒಂದು ಮಿತಿಯನ್ನಿಟ್ಟಿದ್ದಾರೆ. ಅದನ್ನು ಮೀರಿದ್ದನ್ನು ಎತ್ತಿಕೊಳ್ಳಲಾಗದು. ಅಲ್ಲದೆ ವಸ್ತುವನ್ನು ತಯಾರಿಸುವಾಗ ಆಟ ನಿಲ್ಲುವುದಿಲ್ಲ. ಶತ್ರು ಬಾಗಿಲಲ್ಲಿರುವಾಗ ಬಟ್ಟೆ ಸುತ್ತುತ್ತ ಕುಳಿತವನ ಪಾಡನ್ನು ಊಹಿಸಿಕೊಳ್ಳಿರಿ.

ಅದೇ ಆಟದ ಸಣ್ಣ ಚೂರಿಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. ‘ಕ್ಲಿಕರ್’ ಎಂಬ ಕುರುಡು ಜಂತುವನ್ನು ಸದ್ದಿಲ್ಲದೆ ಕೊಲ್ಲಲು ಅದು ಬೇಕು. ಸಾಮಗ್ರಿ ತುಂಬಿದ ಕೆಲವು ಕೋಣೆಗಳ ಬೀಗ ಮೀಟಲೂ ಅದೇ ಬೇಕು. ಮೊದಲನೆಯದು ಖರ್ಚು, ಎರಡನೆಯದು ಬಂಡವಾಳ. ರೈತನ ಮನೆಯ ಬಿತ್ತನೆಯ ಜೋಳವನ್ನು ಉಣ್ಣುವುದೋ ಬಿತ್ತುವುದೋ ಎಂಬ ಪ್ರಶ್ನೆಯೇ ಇದು.

ಗುಂಡುಗಳಿಗೆ ಬರೋಣ. ಒಂದು ಹೆಣವನ್ನು ಕೆಡವಲು 6 ಗುಂಡುಗಳು ಬೇಕೆಂದು ಇಟ್ಟುಕೊಳ್ಳೋಣ. ಒಂದೇ ಸಲ ದಾಟುವ ಓಣಿಯಾದರೆ ನುಸುಳಿ ಓಡುವುದೇ ಲೇಸು. ಹತ್ತು ಸಲ ದಾಟಬೇಕಾದ ಓಣಿಯಾದರೆ, ಕೊಂದುಬಿಟ್ಟಲ್ಲಿ ಸಲವೊಂದಕ್ಕೆ ಬೀಳುವ ವೆಚ್ಚ 0.6 ಗುಂಡು ಮಾತ್ರ. ಇದನ್ನು ಎಲ್ಲರೂ ಕಲಿತುಕೊಂಡಮೇಲೆ, 2002ರಲ್ಲಿ ಅದೇ ಆಟದ ಹೊಸ ಆವೃತ್ತಿ ಬಂದಾಗ ಮಿಕಾಮಿಯವರು ಲೆಕ್ಕವನ್ನೇ ತಿರುವಿಹಾಕಿದರು. ತಲೆ ಒಡೆಯದೆ ಕೆಡವಿದ ಹೆಣವನ್ನು ಸುಡದೆ ಬಿಟ್ಟರೆ, ಕೆಲಕಾಲದ ಅನಂತರ ಅದು ಮೊದಲಿಗಿಂತ ವೇಗವಾಗಿ, ಕ್ರೂರವಾಗಿ ಏಳುತ್ತದೆ! ಸುಡಲು ಸೀಮೆಎಣ್ಣೆ ಬೇಕು. ಅದು ಮಿತವಾಗಿ ದೊರೆಯುತ್ತದೆ. ಅದರ ಡಬ್ಬಿಗೂ ಚೀಲದಲ್ಲಿ ಒಂದು ಮನೆ ಬೇಕು.

ಆಟವನ್ನು ದಾಖಲಿಸುವುದಕ್ಕೂ ಸುಂಕವುಂಟು. ಬೆರಳಚ್ಚು ಯಂತ್ರದ ಮುಂದೆ ಪ್ರತಿಸಲವೂ ಒಂದು ಶಾಯಿ ರಿಬ್ಬನ್ನನ್ನು ವ್ಯಯಿಸಬೇಕು. ಕಳೆದ ದಾಖಲೆಯಿಂದ 10 ನಿಮಿಷ ಆಡಿದ್ದು, ಮುಂದಿನ ಕೋಣೆಯಲ್ಲಿ ಸಾಯುವ ಸಂಭವ ಐದರಲ್ಲಿ ಒಂದಾದರೆ, ನಿರೀಕ್ಷಿತ ನಷ್ಟ 2 ನಿಮಿಷ. 40 ನಿಮಿಷ ಆಡಿದ್ದರೆ ಅದೇ ಕೋಣೆಯ ನಷ್ಟ 8 ನಿಮಿಷ. ಕೋಣೆ ಬದಲಾಗಲಿಲ್ಲ, ಹೆಣ ಬದಲಾಗಲಿಲ್ಲ. ಎದೆ ಮಾತ್ರ ನಾಲ್ಕುಪಟ್ಟು ಬಡಿದುಕೊಳ್ಳುತ್ತದೆ.

ಹಾಗೆಂದು ಕೂಡಿಡುವುದೇ ಗೆಲುವಿನ ದಾರಿಯೆನ್ನಲಾಗದು. ಕೂಡಿಟ್ಟ ಗುಂಡು ಒಂದು ವಿಮೆ. ಮುಂದಿನ ಬಾಗಿಲ ಹಿಂದೆ ಏನಿದೆಯೆಂದು ತಿಳಿಯದಿರುವವರೆಗೆ ಮಾತ್ರ ಅದಕ್ಕೆ ಬೆಲೆ. ಬಾಗಿಲುಗಳು ಕಡಮೆಯಾದಂತೆಲ್ಲ ಆ ಬೆಲೆ ಇಳಿಯುತ್ತ ಬಂದು, ಕೊನೆಯ ಬಾಗಿಲಲ್ಲಿ ಸೊನ್ನೆಯಾಗುತ್ತದೆ. ಆದರೂ ನಾವು ಕಂಡ ಆಟಗಾರರಲ್ಲಿ ಅನೇಕರು ಮೊದಲ ಓಣಿಯಲ್ಲಿ ಕಲಿತ ಜಿಪುಣತನವನ್ನು ಕೊನೆಯವರೆಗೂ ಬಿಡುವುದಿಲ್ಲ. 1996ರ ಆ ಆಟದ ಶುಭಾಂತ್ಯದಲ್ಲಿ ಕಡೆಯ ರಾಕ್ಷಸನನ್ನು ಕೊಲ್ಲುವುದು ಹೆಲಿಕಾಪ್ಟರಿನಿಂದ ಕೆಳಕ್ಕೆಸೆಯುವ ಒಂದು ರಾಕೆಟ್ ಕೋವಿ. ಅಷ್ಟು ಹೊತ್ತಿಗೆ ಅವರು ಜತನದಿಂದ ಉಳಿಸಿದ ಗುಂಡುಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇರುತ್ತವೆ.