ದುಭಾಷಿಯನ್ನು ಹುಡುಕುವ ಬಗೆ

ಗಣಕಯಂತ್ರವು ನೇರವಾಗಿ ಅರಿಯಬಲ್ಲ ಭಾಷೆ ಅದರ ಯಂತ್ರಭಾಷೆಯೊಂದೇ. ನಾವು ಬರೆದ ಪ್ರೋಗ್ರಾಮನ್ನು ಅದಕ್ಕೆ ತಿಳಿಯಪಡಿಸಲು ಎರಡು ಮಾರ್ಗಗಳುಂಟು. ಇಡೀ ಬರಹವನ್ನು ಮೊದಲೇ ಯಂತ್ರಭಾಷೆಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಒಂದು. ಈ ಕಾರ್ಯವನ್ನು ಮಾಡುವ ಸಾಧನವೇ ಕಂಪೈಲರ್. ಬರಹವನ್ನು ಓದುತ್ತಲೇ ಅದು ಹೇಳಿದಂತೆ ಯಂತ್ರದಿಂದ ಕೆಲಸ ಮಾಡಿಸುವುದು ಇನ್ನೊಂದು. ಇದನ್ನು ಮಾಡುವುದು ಇಂಟರ್‌ಪ್ರಿಟರ್. ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಆಗಿಂದಾಗಲೇ ತಿಳಿಸುವವನಂತೆ ವರ್ತಿಸುವ ಇದನ್ನು ನಾವು ದುಭಾಷಿ ಎಂದು ಕರೆಯೋಣ. ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳು ಮೊದಲನೆಯ ಮಾರ್ಗದವು. ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್ ಅವರು ೧೯೯೧ರಲ್ಲಿ ಲೋಕಕ್ಕೆ ನೀಡಿದ ಪೈಥಾನ್ ಎರಡನೆಯದಕ್ಕೆ ಸೇರಿದುದು.

ದೊಡ್ಡ ತಂತ್ರಾಂಶಗಳಲ್ಲಿ ಈ ಎರಡು ಬಗೆಯ ಭಾಷೆಗಳು ಕೂಡಿಯೇ ದುಡಿಯುತ್ತವೆ. ವೇಗ ಬೇಕಾದ ಭಾಗವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು, ಅದನ್ನು ಸುಲಭವಾಗಿ ಬಳಸಲು ಪೈಥಾನನ್ನು ಜೊತೆಗಿಡುವುದು ವಾಡಿಕೆ. ವೈದ್ಯಕೀಯ ಚಿತ್ರಗಳನ್ನು ವಿಶ್ಲೇಷಿಸುವ ಐಟಿಕೆ ಎಂಬ ತಂತ್ರಾಂಶ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಿಂದ ಹುಟ್ಟಿದ ಇದು ಯುನಿಕ್ಸ್ ಮತ್ತು ವಿಂಡೋಸ್ ಎರಡರಲ್ಲಿಯೂ ಸಿದ್ಧವಾಗಬೇಕಾಗಿತ್ತು. ಆ ಅಗತ್ಯವನ್ನು ಪೂರೈಸಲೆಂದು ಕಿಟ್‌ವೇರ್ ಸಂಸ್ಥೆಯವರು ೨೦೦೦ದಲ್ಲಿ ಸಿಮೇಕ್ ಎಂಬ ಸಾಧನವನ್ನು ರಚಿಸತೊಡಗಿದರು. ಕಂಪೈಲರ್ ಎಲ್ಲಿದೆ, ಲೈಬ್ರರಿಗಳು ಎಲ್ಲಿವೆ ಎಂಬುದನ್ನು ಆಯಾ ಯಂತ್ರದಲ್ಲಿ ಹುಡುಕಿ, ತಂತ್ರಾಂಶವನ್ನು ಕಟ್ಟುವ ವಿಧಾನವನ್ನು ಅಲ್ಲಿಗೆ ತಕ್ಕಂತೆ ಬರೆದುಕೊಡುವುದೇ ಅದರ ಕೆಲಸ. ಅದು ಹುಡುಕಬೇಕಾದ ವಸ್ತುಗಳಲ್ಲಿ ಪೈಥಾನ್ ದುಭಾಷಿಯೂ ಒಂದು.

ಪೈಥಾನಿನಿಂದ ನಮಗೆ ಬೇಕಾದುದೇನು ಎಂಬುದನ್ನು ಮೊದಲು ವಿಚಾರಿಸೋಣ. ಕಟ್ಟುವ ಹೊತ್ತಿನಲ್ಲಿ ಕೆಲವು ಕಡತಗಳನ್ನು ಪೈಥಾನ್ ಬರಹವೊಂದು ತಯಾರಿಸಿಕೊಡಬೇಕಾಗಿದ್ದರೆ, ದುಭಾಷಿಯೊಂದಿದ್ದರೆ ಸಾಕು. ಪೈಥಾನಿಗೆ ಹೊಸ ಮಾಡ್ಯೂಲ್ ಒಂದನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಸೇರಿಸುವುದಾದರೆ ದುಭಾಷಿಯ ಒಳರಚನೆಯನ್ನು ವಿವರಿಸುವ ಹೆಡರ್ ಕಡತಗಳೂ ಬೇಕು. ಬ್ಲೆಂಡರ್ ಎಂಬ ಚಿತ್ರರಚನಾ ತಂತ್ರಾಂಶದಲ್ಲಿರುವಂತೆ ದುಭಾಷಿಯನ್ನೇ ನಮ್ಮ ಪ್ರೋಗ್ರಾಮಿನೊಳಗೆ ನೆಲೆಗೊಳಿಸುವುದಾದರೆ ಹೆಡರ್‌ಗಳ ಜೊತೆಗೆ ಅದರ ಲೈಬ್ರರಿಯೂ ಬೇಕು.

ಇವು ಎಲ್ಲ ಕಡೆಯೂ ಒಂದೇ ಸ್ಥಳದಲ್ಲಿ ದೊರೆಯುವಂತಿದ್ದರೆ ತೊಡಕಿರುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ದುಭಾಷಿ ಒಂದು ಫೋಲ್ಡರಿನಲ್ಲಿಯೂ ಹೆಡರ್‌ಗಳು ಬೇರೊಂದರಲ್ಲಿಯೂ ಇರುತ್ತವೆ. ಡೆಬಿಯನ್, ಫೆಡೋರಾಗಳಲ್ಲಿ ಹೆಡರ್‌ಗಳನ್ನು ಪ್ರತ್ಯೇಕವಾಗಿಯೇ ತರಿಸಿಕೊಳ್ಳಬೇಕು. ವಿಂಡೋಸಿನಲ್ಲಿ ಪೈಥಾನಿನ ನೆಲೆ ರಿಜಿಸ್ಟ್ರಿಯಲ್ಲಿ ದಾಖಲಾಗಿರುವುದುಂಟು. ಮ್ಯಾಕ್‌ನಲ್ಲಿ ಅದು ಫ್ರೇಮ್‌ವರ್ಕ್ ಎಂಬ ಬೇರೆಯೇ ವಿನ್ಯಾಸದಲ್ಲಿ ಇರಬಹುದು. ಸಾಲದುದಕ್ಕೆ, ಒಂದೇ ಯಂತ್ರದಲ್ಲಿ ನಾಲ್ಕಾರು ಪೈಥಾನ್‌ಗಳು ನೆಲೆಸಿರುವುದು ಇಂದು ಸಾಮಾನ್ಯ: ಯಂತ್ರದೊಡನೆ ಬಂದುದು ಒಂದು, ನಾವು ಸ್ಥಾಪಿಸಿಕೊಂಡುದು ಇನ್ನೊಂದು, ಪ್ರತಿಯೊಂದು ಕೆಲಸಕ್ಕೂ ಪ್ರತ್ಯೇಕಿಸಿಕೊಂಡ ವರ್ಚುವಲ್ ಪರಿಸರಗಳು ಕೆಲವು.

ಆದುದರಿಂದ ಪೈಥಾನ್ ಸಿಕ್ಕದಿರುವುದು ದೊಡ್ಡ ಅಪಾಯವಲ್ಲ. ಸಿಕ್ಕದಿದ್ದರೆ ಕೆಲಸ ಅಲ್ಲಿಯೇ ನಿಂತು ನಮಗೆ ತಿಳಿಯುತ್ತದೆ. ದುಭಾಷಿ ಒಂದು ಪೈಥಾನಿನದು, ಹೆಡರ್ ಮತ್ತೊಂದರದು ಆಗುವುದೇ ನಿಜವಾದ ಅಪಾಯ. ಹಿಂದೆ ಸೇರು ಎಂಬ ಅಳತೆಗೆ ಹೆಸರು ಒಂದೇ ಆಗಿದ್ದರೂ ಅದರ ಪ್ರಮಾಣ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಒಂದು ಊರಿನ ಸೇರಿನಲ್ಲಿ ಅಳೆದು ಇನ್ನೊಂದು ಊರಿನ ಸೇರಿನಂತೆ ಲೆಕ್ಕ ಬರೆದರೆ ಲೆಕ್ಕ ತಪ್ಪದೆ ಇರುವುದೆ? ಇಲ್ಲಿಯೂ ಹಾಗೆಯೇ. ೨೦೨೩ರಲ್ಲಿ ಬಂದ ಪೈಥಾನ್ ೩.೧೨ರಲ್ಲಿ ಪೂರ್ಣಾಂಕವನ್ನು ಸ್ಮೃತಿಯಲ್ಲಿ ಇರಿಸುವ ವಿನ್ಯಾಸವೇ ಬದಲಾಯಿತು. ೩.೧೧ರ ಹೆಡರ್‌ಗಳನ್ನು ನಂಬಿ ಆ ಸಂಖ್ಯೆಯನ್ನು ನೇರವಾಗಿ ಓದುವ ಮಾಡ್ಯೂಲು ೩.೧೨ರೊಳಗೆ ಸೇರಿದರೆ ಅದು ಓದುವುದೆಲ್ಲ ತಪ್ಪು. ಕಡತದ ಹೆಸರಿನಲ್ಲಿ ಆವೃತ್ತಿಯ ಗುರುತಿದ್ದರೆ ದುಭಾಷಿ ಅದನ್ನು ಎತ್ತಿಕೊಳ್ಳುವುದೇ ಇಲ್ಲ. ಗುರುತಿಲ್ಲದಿದ್ದ ಪಕ್ಷದಲ್ಲಿ ಎತ್ತಿಕೊಂಡು, ಕೆಲಸದ ನಡುವೆ ಕುಸಿಯಬಹುದು. ಕಟ್ಟುವಾಗ ಯಾವ ದೋಷವೂ ಕಾಣದೆ, ಬಳಸುವವರ ಕೈಯಲ್ಲಿ ಕುಸಿಯುವುದರಿಂದ ಕಾರಣವನ್ನು ಕಂಡುಹಿಡಿಯುವುದು ಬಹಳ ಕಷ್ಟ.

ಸಿಮೇಕ್‌ನಲ್ಲಿ ಮೊದಲು ಇದ್ದ ವ್ಯವಸ್ಥೆ ಈ ಅಪಾಯಕ್ಕೆ ಎಡೆಗೊಡುತ್ತಿತ್ತು. ದುಭಾಷಿಯನ್ನು ಹುಡುಕುವ ಆಜ್ಞೆ ಒಂದು, ಲೈಬ್ರರಿ ಮತ್ತು ಹೆಡರ್‌ಗಳನ್ನು ಹುಡುಕುವ ಆಜ್ಞೆ ಇನ್ನೊಂದು. ಎರಡೂ ತಮ್ಮ ತಮ್ಮ ದಾರಿ ಹಿಡಿದು ಹೋಗಿ ಬೇರೆ ಬೇರೆ ಆವೃತ್ತಿಗಳನ್ನು ತಂದೊಪ್ಪಿಸುವ ಸಂಭವವಿತ್ತು. ೨೦೧೮ರ ಆವೃತ್ತಿಯಲ್ಲಿ ಫೈಂಡ್‌ಪೈಥಾನ್ ಎಂಬ ಹೊಸ ಕ್ರಮವನ್ನು ತಂದು, ಹಳೆಯ ಎರಡನ್ನೂ ಬಳಸಬಾರದೆಂದು ಸೂಚಿಸಲಾಯಿತು. ಹೊಸ ಕ್ರಮದಲ್ಲಿ ಬೇಕಾದ ಅಂಗಗಳನ್ನೆಲ್ಲ ಒಂದೇ ಸಲಕ್ಕೆ ಕೇಳಬೇಕು. ಹಾಗೆ ಕೇಳಿದಾಗ ಮಾತ್ರ ಅವು ಪರಸ್ಪರ ಹೊಂದುವಂತೆ ಸಾಧನವು ನೋಡಿಕೊಳ್ಳುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಆ ಭರವಸೆಯಿಲ್ಲ.

ಈ ಹೊಂದಿಕೆಯ ಮರ್ಮ ಸರಳವಾದುದು. ಮೊದಲು ದುಭಾಷಿಯನ್ನು ಗೊತ್ತುಮಾಡಿಕೊಂಡು, ಉಳಿದುದನ್ನು ಅದರ ಬಾಯಿಂದಲೇ ಕೇಳಿ ತಿಳಿಯುವುದು. ಪೈಥಾನಿನಲ್ಲಿರುವ ಸಿಸ್‌ಕಾನ್ಫಿಗ್ ಎಂಬ ಮಾಡ್ಯೂಲು ಹೆಡರ್‌ಗಳ ನೆಲೆಯನ್ನೂ ಮಾಡ್ಯೂಲಿನ ಕಡತಕ್ಕೆ ಇರಬೇಕಾದ ಹೆಸರಿನ ಕೊನೆಯನ್ನೂ ಹೇಳುತ್ತದೆ. ವರ್ಚುವಲ್ ಪರಿಸರದ ಸಂಗತಿಯನ್ನೇ ನೋಡಿರಿ. ಅದರ ಫೋಲ್ಡರಿನಲ್ಲಿ ಪೈಥಾನಿನ ಹೆಡರ್‌ಗಳಿರುವುದಿಲ್ಲ. ಅವು ಮೂಲ ಪೈಥಾನಿನ ಬಳಿ ಇರುತ್ತವೆ. ಅಕ್ಕಪಕ್ಕದ ಫೋಲ್ಡರುಗಳನ್ನು ತಡಕುವವನಿಗೆ ಅವು ಸಿಕ್ಕುವುದಿಲ್ಲ. ದುಭಾಷಿಯನ್ನು ಕೇಳಿದವನಿಗೆ ಕೂಡಲೇ ತಿಳಿಯುತ್ತದೆ.

ಹಲವು ದುಭಾಷಿಗಳಿದ್ದಲ್ಲಿ ಯಾವುದನ್ನು ಆರಿಸಬೇಕು? ಹಿಂದಿನ ರೂಢಿಯಲ್ಲಿ ಅತಿ ಹೊಸ ಆವೃತ್ತಿಗೆ ಮನ್ನಣೆ. ೨೦೧೯ರಲ್ಲಿ ಬಂದ ನೀತಿಯಂತೆ, ಹುಡುಕುವ ದಾರಿಯಲ್ಲಿ ಮೊದಲು ಎದುರಾದ, ಕೇಳಿದ ಆವೃತ್ತಿಗೆ ಒಪ್ಪುವ ಪೈಥಾನಿಗೆ ಮನ್ನಣೆ. ಬಳಸುವವನು ದಾರಿಯಲ್ಲಿ ಮುಂದಿರಿಸಿದ ಪೈಥಾನೇ ಅವನಿಗೆ ಬೇಕಾದುದಾಗಿರುವುದು ಸಂಭವನೀಯವಾದುದರಿಂದ ಈ ನೀತಿ ಹೆಚ್ಚು ಯುಕ್ತ. ಇಷ್ಟಾದರೂ ಸಂದೇಹವಿದ್ದರೆ, ದುಭಾಷಿಯ ಪೂರ್ಣ ವಿಳಾಸವನ್ನು ನಾವೇ ಬರೆದುಕೊಡಬಹುದು.

ಒಂದು ಸಂದರ್ಭದಲ್ಲಿ ಮಾತ್ರ ದುಭಾಷಿಯ ಮಾತನ್ನು ನಂಬಲಾಗದು. ಮೇಜಿನ ಮೇಲಿನ ಇಂಟೆಲ್ ಯಂತ್ರದಲ್ಲಿ ಕುಳಿತು, ಆರ್ಮ್ ಸಂಸ್ಕಾರಕವುಳ್ಳ ಪುಟ್ಟ ಯಂತ್ರಕ್ಕಾಗಿ ತಂತ್ರಾಂಶವನ್ನು ಕಟ್ಟುವೆವೆನ್ನಿ. ಕಟ್ಟುವಾಗ ಓಡಬೇಕಾದ ದುಭಾಷಿ ಇಂಟೆಲ್ ಯಂತ್ರದ್ದು. ಬೇಕಾದ ಹೆಡರ್ ಮತ್ತು ಲೈಬ್ರರಿಗಳಾದರೋ ಆರ್ಮ್ ಯಂತ್ರದವು. ದುಭಾಷಿಯನ್ನು ಕೇಳಿದರೆ ಅದು ತನ್ನ ಮನೆಯ ವಿಷಯವನ್ನೇ ಹೇಳೀತು. ಆರ್ಮ್ ಯಂತ್ರದ ದುಭಾಷಿಯನ್ನು ಕೇಳೋಣವೆಂದರೆ ಅದು ಇಲ್ಲಿ ಓಡದು. ಈ ತೊಡಕನ್ನು ಮನಗಂಡು, ೨೦೨೫ರ ಅಕ್ಟೋಬರಿನಲ್ಲಿ ಬಂದ ಪೈಥಾನ್ ೩.೧೪ರಲ್ಲಿ ಈ ವಿವರಗಳನ್ನು ಒಂದು ಕಡತದಲ್ಲಿ ಬರೆದಿಡುವ ಏರ್ಪಾಡು ಮಾಡಲಾಗಿದೆ. ದುಭಾಷಿಯನ್ನು ಓಡಿಸದೆಯೇ ಆ ಕಡತವನ್ನು ಓದಿ ಅದರ ಪರಿವಾರವನ್ನು ಅರಿಯಬಹುದು.

ತಂತ್ರಾಂಶವನ್ನು ಕಟ್ಟುವವರು ಇದರಿಂದ ಗ್ರಹಿಸಬೇಕಾದುದು ಇಷ್ಟು: ತಮಗೆ ಬೇಕಾದುದು ದುಭಾಷಿಯೋ ಹೆಡರೋ ಲೈಬ್ರರಿಯೋ ಎಂಬುದನ್ನು ಮೊದಲು ನಿಶ್ಚಯಿಸಬೇಕು, ಅವೆಲ್ಲವನ್ನೂ ಒಟ್ಟಿಗೆ ಕೇಳಬೇಕು, ಸಿಕ್ಕ ಬಳಿಕ ಅವುಗಳ ವಿಳಾಸವನ್ನೂ ಆವೃತ್ತಿಯನ್ನೂ ತೆರೆಯ ಮೇಲೆ ಬರೆಯಿಸಿ ಕಣ್ಣಾರೆ ನೋಡಬೇಕು. ಹಲವು ದಿನಗಳ ಶೋಧನೆಯನ್ನು ಆ ಎರಡು ಸಾಲುಗಳು ತಪ್ಪಿಸಬಲ್ಲವು.